ತಿಳಿಯಾಗಿ ಯೋಚಿಸುವುದು ಯಾರ ಹೊಣೆ?

ಚೆನ್ನಾಗಿ ಯೋಚಿಸುವವನ ಕೆಲಸವೂ ಬದುಕೂ ಹಸನಾಗುತ್ತವೆ ಎಂಬ ಮಾತಿಗೆ ಯಾರದೂ ತಕರಾರಿಲ್ಲ. ತಕರಾರು ಶುರುವಾಗುವುದು ಅದರ ಮುಂದಿನ ಮಾತಿಗೆ. ಹಾಗೆ ಯೋಚಿಸುವುದನ್ನು ಕಲಿಸಲು ಬರುತ್ತದೆಯೇ? ಬರುವುದಾದರೆ ಕೈಹಾಕಬೇಕಾದ್ದು ಎಲ್ಲಿಗೆ? ಮನುಷ್ಯನ ತಲೆಗೋ, ಅವನು ಕೆಲಸ ಮಾಡುವ ಕ್ರಮಕ್ಕೋ, ಅವನ ಊಟದ ತಟ್ಟೆಗೋ? ಪುಸ್ತಕದಂಗಡಿಗಳ ವ್ಯಕ್ತಿತ್ವ ವಿಕಸನದ ಸಾಲಿನಲ್ಲಿ ಮೊದಲನೆಯ ಉತ್ತರವೊಂದೇ ಗಟ್ಟಿಯಾಗಿ ಕೇಳುತ್ತದೆ. ನೂರು ವರ್ಷಗಳಿಂದ ಇದನ್ನೇ ಪರೀಕ್ಷೆಗೆ ಒಡ್ಡುತ್ತಾ ಬಂದವರಲ್ಲಿ ಅಷ್ಟು ಧೈರ್ಯ ಕಾಣುವುದಿಲ್ಲ.

ಈ ಚರ್ಚೆಯ ಮುಖ್ಯ ಕವಲುಗಳೆಲ್ಲ ನೀಲಗಿರಿಯ ಕೂನೂರಿನ ಆಸುಪಾಸಿನಲ್ಲೇ ಸಿಗುತ್ತವೆ. ಸಿಮ್ಸ್ ಪಾರ್ಕಿನ ಹತ್ತಿರ 1907ರ ಪಾಶ್ಚರ್ ಇನ್‌ಸ್ಟಿಟ್ಯೂಟ್ ಇದೆ. ಊರಿನಲ್ಲಿ ವಾರವಾರವೂ ಚಹಾ ಹರಾಜು ನಡೆಯುತ್ತದೆ. ಪಕ್ಕದ ವೆಲ್ಲಿಂಗ್ಟನ್ನಿನಲ್ಲಿ, ದೇಶ ಒಡೆದಾಗ ಕ್ವೆಟ್ಟಾದ ಕಾಲೇಜಿನಿಂದ ಪಾಲಾಗಿ ಬಂದ ಡಿಫೆನ್ಸ್ ಸರ್ವೀಸಸ್ ಸ್ಟಾಫ್ ಕಾಲೇಜು 1947ರಿಂದ ನೆಲೆಯೂರಿದೆ. ಒಂದು ಕಡೆ ಪ್ರಯೋಗದಿಂದ, ಇನ್ನೊಂದು ಕಡೆ ನಾಲಿಗೆಯಿಂದ, ಮತ್ತೊಂದು ಕಡೆ ನಕ್ಷೆಯ ಮೇಲೆ ಬಾಗಿ ತೀರ್ಮಾನಕ್ಕೆ ಬರುವುದನ್ನೇ ಕಸುಬು ಮಾಡಿಕೊಂಡವರು ಇಲ್ಲಿದ್ದಾರೆ. ಸುತ್ತಲೂ ಕನ್ನಡಕ್ಕೆ ತೀರ ಹತ್ತಿರದ ನುಡಿಯಾಡುವ ಬಡಗರ ಹಟ್ಟಿಗಳು, ಅವರ ಸಣ್ಣ ಸಣ್ಣ ಚಹಾ ತೋಟಗಳು. ಆ ತೋಟಗಳ ಲೆಕ್ಕಾಚಾರವೂ ಈ ಪ್ರಶ್ನೆಗೆ ಹೊರತಲ್ಲ.

ಸಾಧನೆಯಿಂದ ಬರುವ ಬುದ್ಧಿ

ಎಲ್ಲಕ್ಕಿಂತ ಹಳೆಯ ಪಂಥದ ಪ್ರಕಾರ ಯೋಚನೆಯೂ ಒಂದು ವಿದ್ಯೆ. ಸಾಧನೆ ಮಾಡಿದವನಿಗೆ ಒಲಿಯುತ್ತದೆ. ನಮ್ಮಲ್ಲಿ ಇದರ ಅಚ್ಚುಕಟ್ಟಾದ ರೂಪ ನ್ಯಾಯದರ್ಶನ. ಗೌತಮನ ನ್ಯಾಯಸೂತ್ರ ಪ್ರಮಾಣಗಳನ್ನು ನಾಲ್ಕೆಂದು ಎಣಿಸಿತು, ಹೇತ್ವಾಭಾಸಗಳನ್ನು ಐದಾಗಿ ವಿಂಗಡಿಸಿತು. ಇದಕ್ಕಿಂತ ನನಗೆ ಕುತೂಹಲ ಹುಟ್ಟಿಸುವುದು ಅದು ಚರ್ಚೆಯನ್ನೇ ಮೂರು ಬಗೆ ಮಾಡಿದ್ದು: ನಿಜ ತಿಳಿಯಲೆಂದು ಕೂತರೆ ವಾದ, ಗೆಲ್ಲಲೆಂದು ಕೂತರೆ ಜಲ್ಪ, ತನ್ನದೇನನ್ನೂ ಮುಂದಿಡದೆ ಎದುರಿನವನನ್ನು ಕೆಡವಲೆಂದೇ ಕೂತರೆ ವಿತಂಡ. ತರ್ಕ ಬಲ್ಲವನೆಲ್ಲ ತಿಳಿಯಾಗಿ ಯೋಚಿಸುತ್ತಾನೆ ಎಂಬ ಭರವಸೆ ಆ ಕಾಲಕ್ಕೂ ಇರಲಿಲ್ಲ. ಅವನು ಯಾತಕ್ಕಾಗಿ ಕೂತಿದ್ದಾನೆ ಎನ್ನುವುದನ್ನೂ ನೋಡುತ್ತಿದ್ದರು. (ಮೂರನೆಯ ಬಗೆಯವರಿಗೆ ಇವತ್ತಿನ ಟಿವಿ ಚರ್ಚೆಗಳಲ್ಲಿ ಬರವೇನೂ ಇಲ್ಲ.)

ಯುರೋಪಿನ ಶಾಲೆಗಳು ಲ್ಯಾಟಿನ್ನನ್ನೂ ರೇಖಾಗಣಿತವನ್ನೂ ಇದೇ ನಂಬಿಕೆಯಿಂದ ಕಲಿಸುತ್ತಿದ್ದವು: ವಿಷಯ ಮರೆತರೂ ಬುದ್ಧಿ ಪಳಗಿರುತ್ತದೆ ಎಂದು. 1901ರಲ್ಲಿ ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ ಮತ್ತು ರಾಬರ್ಟ್ ವುಡ್‌ವರ್ತ್ ಇದನ್ನು ಪರೀಕ್ಷಿಸಿ ನೋಡಿದರು. ಒಂದು ಬಗೆಯ ಆಕೃತಿಯ ವಿಸ್ತೀರ್ಣವನ್ನು ಕಣ್ಣಳತೆಯಲ್ಲೇ ಹೇಳಲು ಪಳಗಿದವರು, ಆಕೃತಿಯ ಅಳತೆ ಬದಲಾದೊಡನೆ ತಡವರಿಸಿದರು. ಕಲಿತದ್ದು ಕಲಿತ ಜಾಗದಲ್ಲೇ ಉಳಿಯುತ್ತದೆ, ಪಕ್ಕಕ್ಕೆ ಹರಿಯುವುದು ಕಡಿಮೆ ಎಂಬ ಆ ಫಲಿತಾಂಶ ಅಂದಿನಿಂದ ಈ ಪಂಥದ ಬೆನ್ನುಬಿಟ್ಟಿಲ್ಲ. ಅಬಾಕಸ್ ತರಗತಿಗೆ ಮಕ್ಕಳನ್ನು ಕಳಿಸುವ ನಮ್ಮ ಮನೆಗಳಿಗೆ ಮಾತ್ರ ಅದು ಇನ್ನೂ ತಲುಪಿಲ್ಲ. ಮೊಬೈಲಿನ ಆಟಗಳಿಂದ ಬುದ್ಧಿ ಚುರುಕಾಗುತ್ತದೆ, ಕೆಲಸದಲ್ಲೂ ಶಾಲೆಯಲ್ಲೂ ಮುಂದೆ ಬರುತ್ತೀರಿ ಎಂದು ಜಾಹೀರಾತು ಕೊಟ್ಟಿದ್ದ ಲ್ಯೂಮಾಸಿಟಿ ಕಂಪನಿ, ಅದಕ್ಕೆ ತಕ್ಕ ಪುರಾವೆ ಇಲ್ಲವೆಂಬ ಆರೋಪದ ಮೇಲೆ 2016ರಲ್ಲಿ ಅಮೆರಿಕದ ವ್ಯಾಪಾರ ಆಯೋಗಕ್ಕೆ 20 ಲಕ್ಷ ಡಾಲರ್ ತೆರಬೇಕಾಯಿತು.

ಕನ್ನಡನಾಡಿನಲ್ಲಿ ಈ ಪಂಥಕ್ಕೆ ಬೇರೆಯೇ ಬಣ್ಣ ಕೊಟ್ಟವರು ಎಚ್. ನರಸಿಂಹಯ್ಯ. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡ ಮತ್ತು ಮೂಢನಂಬಿಕೆಗಳ ಪರಿಶೀಲನೆಗೆ ಸಮಿತಿ ನೇಮಿಸಿ, ಪುಟ್ಟಪರ್ತಿಯ ಸಾಯಿಬಾಬಾ ಅವರಿಗೆ ಪರೀಕ್ಷೆಗೆ ಒಪ್ಪಿ ಎಂದು ಪತ್ರ ಬರೆದರು. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರಜೆಯ ಕರ್ತವ್ಯವೆಂದು ಸಂವಿಧಾನಕ್ಕೆ ಸೇರಿದ್ದೂ ಅದೇ 1976ರ 42ನೇ ತಿದ್ದುಪಡಿಯಲ್ಲಿ. ನರಸಿಂಹಯ್ಯ ಅವರನ್ನು ಒಬ್ಬೊಬ್ಬರ ಬುದ್ಧಿ ತಿದ್ದಲು ಹೊರಟ ಮೇಷ್ಟ್ರು ಎಂದು ನೋಡುವುದು ರೂಢಿ. ಅವರು ನಿಜಕ್ಕೂ ಕಟ್ಟಿದ್ದು ಪ್ರಶ್ನೆ ಕೇಳಿದರೆ ಯಾರೂ ಗದರದಂಥ ಒಂದು ಜಾಗವನ್ನು ಎಂದು ನನ್ನ ಎಣಿಕೆ. ಆ ಲೆಕ್ಕದಲ್ಲಿ ಅವರು ಮುಂದೆ ಬರುವ ಇನ್ನೊಂದು ಪಂಥಕ್ಕೆ ಸೇರುತ್ತಾರೆ.

ತಪ್ಪುಗಳ ಶಾಸ್ತ್ರ

ಎರಡನೆಯ ಪಂಥ ಹೊರಟಿದ್ದು ಬುದ್ಧಿ ಎಲ್ಲೆಲ್ಲಿ ಎಡವುತ್ತದೆ ಎಂದು ಹುಡುಕಿಕೊಂಡು. 1954ರಲ್ಲಿ ಮನಶ್ಶಾಸ್ತ್ರಜ್ಞ ಪಾಲ್ ಮೀಲ್, ತಜ್ಞರ ಅನುಭವದ ತೀರ್ಪಿಗೂ ಸರಳ ಅಂಕಿಅಂಶದ ಸೂತ್ರಕ್ಕೂ ಸ್ಪರ್ಧೆ ಇಟ್ಟ ಅಧ್ಯಯನಗಳನ್ನೆಲ್ಲ ಒಟ್ಟುಮಾಡಿ, ಸೂತ್ರ ಸೋಲುವುದು ಅಪರೂಪವೆಂದು ತೋರಿಸಿ ತನ್ನ ಸಹೋದ್ಯೋಗಿಗಳ ಮುನಿಸು ಕಟ್ಟಿಕೊಂಡ. ಇಪ್ಪತ್ತು ವರ್ಷಗಳ ನಂತರ, 1974ರಲ್ಲಿ, ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವೆರ್ಸ್ಕಿ ಬರೆದ ಪ್ರಬಂಧ ಈ ಕ್ಷೇತ್ರಕ್ಕೆ ತಳಹದಿಯಾಯಿತು.

ಕಾನೆಮನ್ ಹೇಳುತ್ತಿದ್ದ ಒಂದು ಪ್ರಸಂಗ ಶಾಲೆ, ಕಚೇರಿ, ಸೈನ್ಯ ಎಲ್ಲಕ್ಕೂ ಒಪ್ಪುತ್ತದೆ. ಇಸ್ರೇಲಿನ ವಾಯುಪಡೆಯ ಶಿಕ್ಷಕರಿಗೆ ಅವರು ಹೊಗಳಿಕೆಯ ಗುಣ ಹೇಳುತ್ತಿದ್ದಾಗ ಹಿರಿಯ ಶಿಕ್ಷಕನೊಬ್ಬ ಎದ್ದು ತಕರಾರು ತೆಗೆದ: ಚೆನ್ನಾಗಿ ಹಾರಿಸಿದವನನ್ನು ಹೊಗಳಿದರೆ ಮಾರನೆಯ ಸಲ ಕೆಡಿಸುತ್ತಾನೆ, ಕೆಟ್ಟದಾಗಿ ಹಾರಿಸಿದವನಿಗೆ ಬೈದರೆ ಮಾರನೆಯ ಸಲ ಸುಧಾರಿಸುತ್ತಾನೆ, ಇದು ನಮ್ಮ ಕಣ್ಣಾರೆ ಕಂಡದ್ದು. ಕಂಡದ್ದೇನೋ ನಿಜ. ಆದರೆ ಯಾರಿಗೇ ಆಗಲಿ ತೀರ ಒಳ್ಳೆಯ ದಿನದ ಮರುದಿನ ಸಾಧಾರಣವಾಗಿರುವ ಸಂಭವವೇ ಹೆಚ್ಚು, ತೀರ ಕೆಟ್ಟ ದಿನದ ಮರುದಿನ ಒಂದಿಷ್ಟು ಮೇಲಾಗಿರುವ ಸಂಭವವೂ ಹೆಚ್ಚು. ಬೈಗುಳಕ್ಕೂ ಹೊಗಳಿಕೆಗೂ ಅದರಲ್ಲಿ ಪಾತ್ರವೇ ಇರಬೇಕಿಲ್ಲ. ಆ ಶಿಕ್ಷಕ ಮೂರ್ಖನಾಗಿರಲಿಲ್ಲ, ಅವನ ಅನುಭವವೇ ಅವನಿಗೆ ತಪ್ಪು ಪಾಠ ಕಲಿಸುತ್ತಿತ್ತು. ಬೆತ್ತ ಹಿಡಿದ ನಮ್ಮ ಮೇಷ್ಟ್ರುಗಳ ಆತ್ಮವಿಶ್ವಾಸದ ಮೂಲವೂ ಬಹುಶಃ ಇದೇ.

ಆದದ್ದನ್ನು ಆದಮೇಲೆ ನೋಡಿದಾಗ ಅದು ಮೊದಲೇ ಸ್ಪಷ್ಟವಿತ್ತು ಅನ್ನಿಸುವ ದೋಷವನ್ನು ಬಾರೂಕ್ ಫಿಶ್‌ಹಾಫ್ 1975ರಲ್ಲಿ ಪ್ರಯೋಗಗಳಿಂದ ತೋರಿಸಿದರು. ಇದಕ್ಕೆ ಉದಾಹರಣೆ ಕೂನೂರಿನಲ್ಲೇ ಇದೆ. ಸ್ಟಾಫ್ ಕಾಲೇಜಿನ ಕಮಾಂಡೆಂಟ್ ಆಗಿದ್ದು, ನಿವೃತ್ತಿಯ ನಂತರ ಇಲ್ಲಿನ ‘ಸ್ತಾವ್ಕಾ’ ಮನೆಯಲ್ಲಿ ನೆಲೆಸಿ, 2008ರಲ್ಲಿ ವೆಲ್ಲಿಂಗ್ಟನ್ನಿನ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡ ಫೀಲ್ಡ್ ಮಾರ್ಷಲ್ ಸ್ಯಾಮ್ ಮಾಣಿಕ್‌ಶಾ ಅವರ ಹೆಸರಿನೊಂದಿಗೆ 1971ರ ಏಪ್ರಿಲ್‌ನ ಕಥೆ ಅಂಟಿಕೊಂಡಿದೆ. ತಕ್ಷಣ ಯುದ್ಧಕ್ಕೆ ಹೋಗಬೇಕೆಂಬ ಒತ್ತಡಕ್ಕೆ ಮಣಿಯದೆ, ಮಳೆಗಾಲ ಕಳೆಯಲಿ, ಹಿಮಾಲಯದ ಕಣಿವೆಗಳಲ್ಲಿ ಹಿಮ ಬೀಳಲಿ ಎಂದು ಪ್ರಧಾನಿಗೆ ನೇರವಾಗಿ ಹೇಳಿದ ಕಥೆ. ತಿಳಿಯಾದ ಯೋಚನೆಗೆ ಭಾಷಣಕಾರರು ಕೊಡುವ ಮೊದಲ ಉದಾಹರಣೆ ಇದೇ. ಶ್ರೀನಾಥ ರಾಘವನ್, ಚಂದ್ರಶೇಖರ ದಾಸ್‌ಗುಪ್ತ ಮೊದಲಾದ ಇತಿಹಾಸಕಾರರು ಈ ಕಥೆಯನ್ನು ಪ್ರಶ್ನಿಸಿದ್ದಾರೆ; ಆ ಹೊತ್ತಿಗೆ ಸರ್ಕಾರವೇ ಕೂಡಲೇ ಯುದ್ಧಕ್ಕಿಳಿಯುವ ಆತುರದಲ್ಲಿರಲಿಲ್ಲ ಎಂಬುದು ಅವರ ವಾದ. ಮಾಣಿಕ್‌ಶಾ ಅವರ ದೊಡ್ಡತನ ಇದರಿಂದ ಕುಂದುವುದಿಲ್ಲ. ಗೆದ್ದ ಯುದ್ಧದ ತೀರ್ಮಾನಗಳು ಹಿಂದಿರುಗಿ ನೋಡುವಾಗ ಒಬ್ಬನ ತಲೆಯಲ್ಲಿ, ಒಂದೇ ಸಭೆಯಲ್ಲಿ ಮೂಡಿದಂತೆ ಕಾಣತೊಡಗುತ್ತವೆ ಎಂಬುದಕ್ಕೆ ಮಾತ್ರ ಒಳ್ಳೆಯ ಸಾಕ್ಷಿ.

ಈ ಪಂಥದ ದೌರ್ಬಲ್ಯವನ್ನು ಅದರ ಹಿರಿಯನೇ ಹೇಳಿದ್ದುಂಟು. ದಶಕಗಳ ಅಧ್ಯಯನದಿಂದ ತನ್ನ ಸ್ವಂತ ತೀರ್ಪುಗಳು ಅಷ್ಟೇನೂ ಸುಧಾರಿಸಲಿಲ್ಲ ಎಂದು ಕಾನೆಮನ್ ಒಪ್ಪಿಕೊಂಡಿದ್ದರು. ದೋಷಗಳ ಪಟ್ಟಿ ಬಾಯಿಪಾಠವಾದರೆ ಅವು ಬೇರೆಯವರಲ್ಲಿ ಬೇಗ ಕಾಣುತ್ತವೆ, ನಮ್ಮಲ್ಲಲ್ಲ. ಇಷ್ಟೇ ಆಗಿದ್ದರೆ ಆಗುತ್ತಿತ್ತು. ಅವರ 2011ರ ಜನಪ್ರಿಯ ಪುಸ್ತಕದ ಒಂದು ಅಧ್ಯಾಯ ನೆಚ್ಚಿಕೊಂಡಿದ್ದ ಪ್ರಯೋಗಗಳೇ ಮರುಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಮನೋಬಲ ಬಳಸಿದಷ್ಟೂ ಖಾಲಿಯಾಗುತ್ತದೆ ಎಂಬ, ಮ್ಯಾನೇಜರುಗಳಿಗೆ ಅಚ್ಚುಮೆಚ್ಚಾಗಿದ್ದ ಸಿದ್ಧಾಂತವೂ 2016ರಲ್ಲಿ ಹಲವು ಪ್ರಯೋಗಾಲಯಗಳು ಕೂಡಿ ಪರೀಕ್ಷಿಸಿದಾಗ ಹೆಚ್ಚುಕಡಿಮೆ ಕರಗಿಹೋಯಿತು.

ನುರಿತವರ ಪರವಾಗಿ

ಮೂರನೆಯ ಪಂಥಕ್ಕೆ ಇಷ್ಟೊಂದು ಅಪನಂಬಿಕೆ ಹಿಡಿಸಲಿಲ್ಲ. ಹರ್ಬರ್ಟ್ ಸೈಮನ್ 1950ರ ದಶಕದಲ್ಲೇ ಹೇಳಿದ್ದರು: ಎಲ್ಲ ಆಯ್ಕೆಗಳನ್ನೂ ತೂಗಿ ನೋಡಲು ಮನುಷ್ಯನಿಗೆ ಪುರುಸೊತ್ತಿಲ್ಲ, ಸಾಕೆನ್ನಿಸುವ ಮೊದಲ ಆಯ್ಕೆಯನ್ನು ಹಿಡಿಯುತ್ತಾನೆ, ಅದು ದಡ್ಡತನವಲ್ಲ. ಗ್ಯಾರಿ ಕ್ಲೈನ್ 1980ರ ದಶಕದಲ್ಲಿ ಅಗ್ನಿಶಾಮಕ ದಳದ ಮುಖಂಡರನ್ನು ಮಾತಾಡಿಸಿ, ಅವರು ಆಯ್ಕೆಗಳನ್ನು ಹೋಲಿಸುವುದೇ ಇಲ್ಲ, ಹಳೆಯ ಬೆಂಕಿಗಳಲ್ಲಿ ಕಂಡ ಚಹರೆಯನ್ನು ಹೊಸದರಲ್ಲಿ ಗುರುತಿಸುತ್ತಾರೆ ಎಂದರು. ಗರ್ಡ್ ಗಿಗರೆಂಜರ್ ಇನ್ನೂ ಮುಂದೆ ಹೋದರು. ಎತ್ತರದ ಕ್ಯಾಚಿನ ಕೆಳಗೆ ಓಡುವ ಫೀಲ್ಡರ್ ಚೆಂಡಿನ ಪಥವನ್ನು ಲೆಕ್ಕ ಹಾಕುವುದಿಲ್ಲ. ಚೆಂಡನ್ನು ನೋಡುವ ಕೋನ ಬದಲಾಗದಂತೆ ಓಡುತ್ತಾನೆ, ಅಷ್ಟೇ. ಅನಿಶ್ಚಿತ ಲೋಕದಲ್ಲಿ ಇಂಥ ಚಿಕ್ಕ ನಿಯಮವೇ ದೊಡ್ಡ ಲೆಕ್ಕಾಚಾರಕ್ಕಿಂತ ಮೇಲು ಎಂಬುದು ಅವರ ನಿಲುವು.

ಕೂನೂರಿನ ಟೀ ಟೇಸ್ಟರನ ಮೇಜಿನ ಮುಂದೆ ನಿಂತರೆ ಈ ಪಂಥದ ಬಲ ಗೊತ್ತಾಗುತ್ತದೆ. ಬಿಳಿ ಪಿಂಗಾಣಿ ಬಟ್ಟಲುಗಳ ಉದ್ದನೆಯ ಸಾಲು. ಪ್ರತಿಯೊಂದರ ಹಿಂದೆ ಒಣ ಸೊಪ್ಪು, ಪಕ್ಕದಲ್ಲಿ ಬಸಿದ ಸೊಪ್ಪು. ಹಾಲಿಲ್ಲ, ಸಕ್ಕರೆಯಿಲ್ಲ. ಚಮಚದಿಂದ ಸೊರ್ ಎಂದು ಜೋರಾಗಿ ಹೀರಿ, ಗಾಳಿಯೊಡನೆ ಅಂಗುಳಕ್ಕೆಲ್ಲ ಹರಡಿ, ಪೀಕದಾನಿಗೆ ಉಗುಳಿ, ಬಾಯಲ್ಲೇ ಬೆಲೆ ಹೇಳುತ್ತಾ ಮುಂದಿನ ಬಟ್ಟಲಿಗೆ ಸರಿಯುತ್ತಾನೆ. ಬಾಡಿಸಿದ್ದು ಕಡಿಮೆಯಾಯಿತೋ, ಒಣಗಿಸುವಾಗ ಸೀದಿತೋ ಎಲ್ಲವೂ ಆ ಒಂದು ಗುಟುಕಿನಲ್ಲಿ. ಬಟ್ಟಲಿಗೆ ಕೆಲವೇ ಸೆಕೆಂಡು.

ಇಂಥ ನುರಿತ ತೀರ್ಪನ್ನು ಯಾವಾಗ ನಂಬಬಹುದು? ವಿರೋಧಿ ಪಾಳೆಯಗಳ ಕಾನೆಮನ್ ಮತ್ತು ಕ್ಲೈನ್ ಕೂಡಿ 2009ರಲ್ಲಿ ಬರೆದ ಪ್ರಬಂಧ ಈ ಚರ್ಚೆಯಲ್ಲಿ ನಿಜವಾದ ಮುನ್ನಡೆ. ಎರಡು ಷರತ್ತು: ಆ ಕ್ಷೇತ್ರದಲ್ಲಿ ಒಂದು ಕ್ರಮಬದ್ಧತೆ ಇರಬೇಕು, ತೀರ್ಪು ಸರಿಯೋ ತಪ್ಪೋ ಎಂಬ ಸುದ್ದಿ ಬೇಗ, ಮತ್ತೆ ಮತ್ತೆ ತಲುಪಬೇಕು. ಟೇಸ್ಟರನಿಗೆ ಎರಡೂ ಇವೆ. ಇಂದು ಕಟ್ಟಿದ ಬೆಲೆಗೆ ಉತ್ತರ ಹರಾಜಿನ ದಿನ ಬರುತ್ತದೆ. (ಕೊಳ್ಳುವವರೂ ಅದೇ ಬಗೆಯ ಬಟ್ಟಲುಗಳನ್ನು ಅದೇ ರೀತಿ ಹೀರಿದವರೇ ಆದ್ದರಿಂದ, ಅವನು ಊಹಿಸುತ್ತಿರುವುದು ಚಹಾವನ್ನೋ ತನ್ನ ಜೊತೆಗಾರರನ್ನೋ ಎಂಬ ಸಂಶಯ ನನಗಿದೆ.) ಅದೇ ಮನುಷ್ಯನನ್ನು ಐದು ವರ್ಷದ ನಂತರ ಚಹಾದ ಬೆಲೆ ಏನಿರುತ್ತದೆ ಎಂದು ಕೇಳಿದರೆ ಅವನೂ ನಾವೂ ಒಂದೇ. ಫಿಲಿಪ್ ಟೆಟ್ಲಾಕ್ 284 ಪರಿಣತರ ಭವಿಷ್ಯವಾಣಿಗಳನ್ನು ಸುಮಾರು ಎರಡು ದಶಕ ಬೆನ್ನಟ್ಟಿ 2005ರಲ್ಲಿ ಹೇಳಿದ್ದೂ ಇದನ್ನೇ: ದೂರದ ರಾಜಕೀಯ, ಆರ್ಥಿಕ ಸಂಗತಿಗಳಲ್ಲಿ ಹೆಸರಾಂತ ಪಂಡಿತರು ಬರೀ ಊಹೆಗಿಂತ ಹೆಚ್ಚೇನೂ ಮುಂದಿಲ್ಲ.

ನೀಲಗಿರಿಯ ಸಣ್ಣ ಬೆಳೆಗಾರರು ಇದರ ಬಿಸಿ ಉಂಡವರು. ಆಲೂಗಡ್ಡೆ, ಕೋಸು ಬೆಳೆಯುತ್ತಿದ್ದ ಎಷ್ಟೋ ಹೊಲಗಳಲ್ಲಿ ಚಹಾ ಎದ್ದಿತು. ಸೋವಿಯತ್ ಒಕ್ಕೂಟ ದೊಡ್ಡ ಗಿರಾಕಿಯಾಗಿತ್ತು. 1991ರಲ್ಲಿ ಆ ದೇಶವೇ ಇಲ್ಲವಾಯಿತು, ದಶಕದ ಕೊನೆಯ ಹೊತ್ತಿಗೆ ಹಸಿ ಸೊಪ್ಪಿನ ಬೆಲೆ ನೆಲಕಚ್ಚಿತು. ಚಹಾ ಗಿಡ ಒಮ್ಮೆ ನೆಟ್ಟರೆ ಹತ್ತಾರು ವರ್ಷದ್ದು. ಕೋಸಿನ ಹಾಗೆ ಮುಂದಿನ ಬೆಳೆಗೆ ಬದಲಾಯಿಸಲು ಬರುವುದಿಲ್ಲ. ಚಹಾಕ್ಕೆ ಹೋದವರು ತಪ್ಪಾಗಿ ಯೋಚಿಸಿದರೇ? ಆಗಿನ ಬೆಲೆ, ಆಗಿನ ಬೇಡಿಕೆ, ಪಕ್ಕದವನ ಲಾಭ ಎಲ್ಲವೂ ಅವರ ಕಡೆಗೇ ಇದ್ದವು. ಫಲ ಕೆಟ್ಟಿತೆಂದು ಯೋಚನೆಯೂ ಕೆಟ್ಟದ್ದೆನ್ನುವುದು ಸುಲಭ. ಒಂದೇ ಒಂದು ಸಲ, ಹಿಂದೆಗೆಯಲಾಗದಂತೆ ಮಾಡಬೇಕಾದ ಇಂಥ ತೀರ್ಮಾನಗಳಿಗೆ ಕ್ಲೈನರ ಬಳಿಯೂ ಮದ್ದಿಲ್ಲ, ಟೆಟ್ಲಾಕರ ಬಳಿಯೂ ಇಲ್ಲ. ಬದುಕಿನ ದೊಡ್ಡ ತೀರ್ಮಾನಗಳು ಬಹುಪಾಲು ಇದೇ ಜಾತಿಯವು: ಮದುವೆ, ಮನೆ, ಊರು ಬಿಡುವುದು.

ತಲೆಯ ಹೊರಗಿನ ಬುದ್ಧಿ

ನಾಲ್ಕನೆಯ ಪಂಥದ ಮಾತು ನೇರ: ತಲೆಯನ್ನು ನೆಚ್ಚಬೇಡಿ, ಕ್ರಮ ಕಟ್ಟಿ. ಸೈನ್ಯದವರು ‘ಅಪ್ರಿಸಿಯೇಷನ್’ ಎಂದು ಕರೆಯುವ ಬರಹ ಇದರ ಹಳೆಯ ನಮೂನೆ. ಗುರಿ ಏನು, ಯಾವ ಯಾವ ಅಂಶಗಳು ಅದನ್ನು ತಾಗುತ್ತವೆ, ಶತ್ರುವಿನ ಮುಂದೆ ಏನೇನು ದಾರಿಗಳಿವೆ, ನಮ್ಮ ಮುಂದೆ ಏನೇನಿವೆ, ಕೊನೆಗೆ ಯೋಜನೆ. ಪ್ರತಿ ಅಂಶದ ಕೆಳಗೂ ‘ಹಾಗಾದರೆ ಏನು?’ ಎಂಬುದಕ್ಕೆ ಉತ್ತರ ಬರೆಯಲೇಬೇಕು. ಇದರಿಂದ ಪ್ರತಿಭೆ ಬರುವುದಿಲ್ಲ, ಶತ್ರುವಿನ ದಾರಿಯನ್ನು ನೋಡದೆ ಮುಂದೆ ಹೋಗುವ ಪ್ರಮಾದ ಮಾತ್ರ ತಪ್ಪುತ್ತದೆ. ಇದೇ ಚೌಕಟ್ಟು ಎಲ್ಲರನ್ನೂ ಮೇಷ್ಟ್ರು ಮೆಚ್ಚುವ ಒಂದೇ ಉತ್ತರಕ್ಕೆ ತಳ್ಳುತ್ತದೆ ಎಂಬ ಗೊಣಗಾಟವೂ ಎಲ್ಲ ದೇಶದ ಸೈನ್ಯಗಳಲ್ಲಿ ಹಳೆಯದೇ.

ಆಸ್ಪತ್ರೆಗಳಿಗೆ ಇದು ಚೆಕ್‌ಲಿಸ್ಟ್ ಆಗಿ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಶಸ್ತ್ರಚಿಕಿತ್ಸೆಯ ಪಟ್ಟಿಯನ್ನು ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಬಳಸಿದಾಗ ಸಾವಿನ ಪ್ರಮಾಣ ಶೇ 1.5ರಿಂದ 0.8ಕ್ಕೆ ಇಳಿಯಿತೆಂದು 2009ರಲ್ಲಿ ವರದಿಯಾಯಿತು. 2014ರಲ್ಲಿ ಕೆನಡಾದ ಒಂಟಾರಿಯೊದ 101 ಆಸ್ಪತ್ರೆಗಳ ಲೆಕ್ಕ ತೆಗೆದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಪಟ್ಟಿ ಅದೇ. ಒಂದು ಕಡೆ ಜನ ಅದನ್ನು ಓದಿ ಮಾತಾಡಿದರು, ಇನ್ನೊಂದು ಕಡೆ ಟಿಕ್ ಹಾಕಿದರು ಎಂಬುದು ಒಂದು ವಿವರಣೆ. ಮೊದಲೇ ಒಳ್ಳೆಯದಿದ್ದ ಆಸ್ಪತ್ರೆಗಳಲ್ಲಿ ಸುಧಾರಿಸಲು ಏನೂ ಉಳಿದಿರಲಿಲ್ಲ ಎಂಬುದು ಇನ್ನೊಂದು.

ಕ್ರಮ ಎಲ್ಲಿ ಮುಗಿದು ಮನುಷ್ಯ ಎಲ್ಲಿ ಶುರುವಾಗುತ್ತಾನೆ ಎಂದು ಬಿಡಿಸಿ ಹೇಳುವುದು ಸುಲಭವಲ್ಲ. 2020ರ ಅಕ್ಟೋಬರ್ 12ರಂದು ವಾಯುಪಡೆಯ ವರುಣ್ ಸಿಂಗ್ ಹಾರಿಸುತ್ತಿದ್ದ ತೇಜಸ್ ವಿಮಾನದಲ್ಲಿ, ಬಹಳ ಎತ್ತರದಲ್ಲಿ, ಕಾಕ್‌ಪಿಟ್ಟಿನ ಒತ್ತಡ ಕುಸಿಯಿತು. ಕೆಳಗಿಳಿಯತೊಡಗಿದಾಗ ನಿಯಂತ್ರಣ ವ್ಯವಸ್ಥೆಯೂ ಕೈಕೊಟ್ಟಿತು. ಎರಡು ಸಲ ವಿಮಾನ ಹಿಡಿತ ತಪ್ಪಿತು. ಜಿಗಿದು ಪಾರಾಗಬಹುದಾಗಿದ್ದರೂ ಜಿಗಿಯದೆ ಇಳಿಸಿದರು, ಶೌರ್ಯಚಕ್ರ ಬಂತು. ಮುಂದಿನ ವರ್ಷ ಅವರು ತಾವು ಓದಿದ ಶಾಲೆಗೆ ಪತ್ರ ಬರೆದು, ತಾನು ಸಾಧಾರಣ ವಿದ್ಯಾರ್ಥಿಯಾಗಿದ್ದೆ, ಸಾಧಾರಣವಾಗಿರುವುದರಲ್ಲಿ ತಪ್ಪಿಲ್ಲ, ಹಿಡಿದ ಕೆಲಸಕ್ಕೆ ಮನಸ್ಸಿಟ್ಟರೆ ಸಾಕು ಎಂಬರ್ಥದ ಮಾತು ಹೇಳಿದರು. ಮೊದಲ ಪಂಥಕ್ಕೆ ಇದು ಸಾಧನೆಯ ಫಲ, ಮೂರನೆಯದಕ್ಕೆ ನುರಿತ ಕಣ್ಣು, ನಾಲ್ಕನೆಯದಕ್ಕೆ ತರಬೇತಿಯ ಕ್ರಮ. ಮೂವರೂ ತಮ್ಮದೆನ್ನಬಹುದಾದ ಘಟನೆ.

ಆ ಘಟನೆಯ ನಂತರ ವರುಣ್ ಸಿಂಗ್ ವೆಲ್ಲಿಂಗ್ಟನ್ನಿನ ಕಾಲೇಜಿನಲ್ಲಿ ಬೋಧಕರಾದರು. 2021ರ ಡಿಸೆಂಬರ್ 8ರಂದು ಜನರಲ್ ಬಿಪಿನ್ ರಾವತ್ ಅವರನ್ನು ಸೂಲೂರಿನಿಂದ ವೆಲ್ಲಿಂಗ್ಟನ್ನಿಗೆ ಕರೆತರುತ್ತಿದ್ದ ಹೆಲಿಕಾಪ್ಟರ್ ಕೂನೂರಿನ ಹತ್ತಿರ ನಂಜಪ್ಪಚತ್ತಿರಂನಲ್ಲಿ ಬಿದ್ದಾಗ ಅದರಲ್ಲಿದ್ದ 14 ಜನರಲ್ಲಿ ವರುಣ್ ಸಿಂಗ್ ಒಬ್ಬರು. ಒಂದು ವಾರದ ನಂತರ ಬೆಂಗಳೂರಿನಲ್ಲಿ ತೀರಿಕೊಂಡರು. ಉಳಿದ 13 ಜನ ಅಂದೇ ಹೋಗಿದ್ದರು. 2022ರ ಜನವರಿಯಲ್ಲಿ ಮೂರೂ ಪಡೆಗಳ ವಿಚಾರಣೆ ಹೇಳಿದ್ದು: ಕಣಿವೆಯಲ್ಲಿ ಹವೆ ಹಠಾತ್ತನೆ ಬದಲಾಗಿ ಹೆಲಿಕಾಪ್ಟರ್ ಮೋಡ ಹೊಕ್ಕಿತು, ಪೈಲಟ್‌ಗೆ ದಿಕ್ಕುದೆಸೆಯ ಅಂದಾಜು ತಪ್ಪಿತು, ನಿರ್ಲಕ್ಷ್ಯವಲ್ಲ, ಯಂತ್ರದೋಷವೂ ಅಲ್ಲ. 2024ರ ಡಿಸೆಂಬರಿನಲ್ಲಿ ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯ ವರದಿಯ ಕೋಷ್ಟಕದಲ್ಲಿ ಅದೇ ಅಪಘಾತದ ಮುಂದೆ ‘ಮಾನವ ದೋಷ’ ಎಂದು ಬಂತು. ಮೋಡದೊಳಗೆ ಒಳಗಿವಿ ಸುಳ್ಳು ಹೇಳುವುದು ಮನುಷ್ಯ ದೇಹದ ಗುಣ. ಎಷ್ಟು ತಿಳಿಯಾಗಿ ಯೋಚಿಸಿದರೂ ಅದು ನಿಲ್ಲುವುದಿಲ್ಲ. ಅದಕ್ಕೆ ದೋಷವೆಂದು ಹೆಸರಿಟ್ಟು ಒಬ್ಬನ ಲೆಕ್ಕಕ್ಕೆ ಬರೆದರೆ, ಮುಂದಿನ ಹಾರಾಟಕ್ಕೆ ಏನು ಬದಲಾಯಿಸಬೇಕು ಎಂಬ ಪ್ರಶ್ನೆ ಅಲ್ಲಿಗೇ ಮುಚ್ಚಿಹೋಗುವ ಅಪಾಯವಿದೆ.

ಹೊಟ್ಟೆ ಮತ್ತು ಜೇಬು

ಯೋಚನೆಯ ಬೇರು ಊಟದಲ್ಲೂ ದುಡ್ಡಿನಲ್ಲೂ ಇದೆ ಎನ್ನುವ ಐದನೆಯ ಪಂಥ ಹುಟ್ಟಿದ ಊರುಗಳಲ್ಲಿ ಕೂನೂರೇ ಒಂದು. 1918ರಲ್ಲಿ ಪಾಶ್ಚರ್ ಇನ್‌ಸ್ಟಿಟ್ಯೂಟಿನ ಒಂದೇ ಕೋಣೆಯಲ್ಲಿ ರಾಬರ್ಟ್ ಮೆಕ್ಯಾರಿಸನ್ ಬೆರಿಬೆರಿಯ ಶೋಧ ಶುರುಮಾಡಿದರು. 1928ರಲ್ಲಿ ಅದು ಪೋಷಣಾ ಸಂಶೋಧನಾಲಯವಾಯಿತು; 1958ರಲ್ಲಿ ಹೈದರಾಬಾದಿಗೆ ಹೋಗಿ, 1969ರಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆಯೆಂಬ ಹೆಸರು ಪಡೆಯಿತು. ಮೆಕ್ಯಾರಿಸನ್ ಇಲಿಗಳಿಗೆ ದೇಶದ ಏಳು ಕಡೆಯವರ ಊಟ ಹಾಕಿ ಬೆಳವಣಿಗೆ ಅಳೆದರು. ಹಾಲು, ಬೆಣ್ಣೆ, ಗೋಧಿರೊಟ್ಟಿಯ ಸಿಖ್ಖರ ಊಟ ಮೊದಲು, ಮದ್ರಾಸಿನದು ಕೊನೆ. ಕನ್ನಡಿಗರ ಊಟ ಐದನೆಯದು. ಇನ್ನೊಂದು ಪ್ರಯೋಗದಲ್ಲಿ ಬಿಳಿ ಬ್ರೆಡ್ಡು, ಮಾರ್ಗರಿನ್, ಸಕ್ಕರೆ ಚಹಾದಂಥ ಬಡ ಇಂಗ್ಲಿಷರ ಊಟ ತಿಂದ ಇಲಿಗಳು ಸಿಡುಕಿ ಆಳುಗಳನ್ನು ಕಚ್ಚಿದವು, ಕೊನೆಗೆ ತಮ್ಮಲ್ಲೇ ದುರ್ಬಲವಾದವನ್ನು ಕೊಂದು ತಿಂದವು. ಊಟ ಮೈಯನ್ನಷ್ಟೇ ಅಲ್ಲ, ನಡತೆಯನ್ನೂ ಕಟ್ಟುತ್ತದೆ ಎಂಬ ಮಾತಿಗೆ ಸಿಕ್ಕ ಆ ಪುರಾವೆ ಭೀಕರವಾಗಿಯೇ ಇತ್ತು. ಆದರೂ ಇಲಿಯ ತೂಕದಿಂದ ಒಂದು ಜನಾಂಗದ ಹಣೆಬರಹ ಓದುವ ಉತ್ಸಾಹಕ್ಕೆ ಆ ಕಾಲದ ‘ವೀರಜಾತಿ’ಗಳ ನಂಬಿಕೆಯೂ ಗಾಳಿ ಹಾಕಿತ್ತು ಎನ್ನದೆ ವಿಧಿಯಿಲ್ಲ.

ಇದೇ ಮೆಕ್ಯಾರಿಸನ್ ಕೂನೂರಿಗೆ ಬರುವ ಮೊದಲು ಗಿಲ್ಗಿಟ್ಟಿನಲ್ಲಿ ಗಳಗಂಡ ರೋಗವನ್ನು ಬೆನ್ನಟ್ಟಿ, ತಾನೂ ಸೇರಿ ಸ್ವಯಂಸೇವಕರಿಗೆ ಅಲ್ಲಿನ ನೀರಿನ ಗಸಿ ಕುಡಿಸಿ, ಮಲಿನ ನೀರಿನ ಸೋಂಕೇ ಕಾರಣವೆಂದು ವಾದಿಸಿದ್ದರು. ಪ್ರಯೋಗ ಶಿಸ್ತಿನದು, ತೀರ್ಮಾನ ಅಡ್ಡದಾರಿಯದು. ಮುಖ್ಯ ಕಾರಣ ಅಯೋಡಿನ್ ಕೊರತೆ. ಬಸಿರಿನಲ್ಲೂ ಎಳವೆಯಲ್ಲೂ ಆ ಕೊರತೆಯಾದರೆ ಬುದ್ಧಿಯ ಬೆಳವಣಿಗೆಯೇ ಕುಂಠಿತವಾಗುತ್ತದೆ. ಉಪ್ಪಿಗೆ ಅಯೋಡಿನ್ ಬೆರೆಸಿದ್ದರಿಂದ ಜನರ ಯೋಚನಾಶಕ್ತಿಗೆ ಆಗಿರುವ ಉಪಕಾರ ಯಾವ ತರಬೇತಿ ಶಿಬಿರದಿಂದಲೂ ಆಗಿರಲಾರದು.

ಹೊಟ್ಟೆಯಿಂದ ಜೇಬಿಗೆ ಬಂದರೆ, 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ತಮಿಳುನಾಡಿನ 54 ಹಳ್ಳಿಗಳ 464 ಕಬ್ಬು ಬೆಳೆಗಾರರನ್ನು ಕಟಾವಿನ ಮೊದಲೂ ನಂತರವೂ ಪರೀಕ್ಷಿಸಿತು. ಕೈಯಲ್ಲಿ ಕಾಸಿಲ್ಲದಾಗ ಅದೇ ರೈತ ಬುದ್ಧಿಯ ಪರೀಕ್ಷೆಯಲ್ಲಿ ಹಿಂದೆ ಬಿದ್ದ, ಹಣ ಬಂದಮೇಲೆ ಮೇಲೆದ್ದ. ಬಡವನ ತಪ್ಪು ತೀರ್ಮಾನಗಳು ಬಡತನದ ಕಾರಣವಲ್ಲ, ಫಲ ಎಂಬ ಈ ವಾದಕ್ಕೆ ನೈತಿಕ ಬಲವೂ ಇತ್ತು. ಆದರೆ 2016ರಲ್ಲಿ ಅಮೆರಿಕದ ಬಡ ಕುಟುಂಬಗಳನ್ನು ಸಂಬಳದ ದಿನದ ಹಿಂದುಮುಂದು ಪರೀಕ್ಷಿಸಿದವರಿಗೆ ಅಂಥ ವ್ಯತ್ಯಾಸ ಸಿಗಲಿಲ್ಲ.

ಇತ್ಯರ್ಥವಾಗದೆ ಉಳಿದಿರುವುದು

ಕಲಿತ ಯೋಚನೆ ಒಂದು ಕ್ಷೇತ್ರದಿಂದ ಇನ್ನೊಂದಕ್ಕೆ ದಾಟುತ್ತದೆಯೇ ಎಂಬ ಥಾರ್ನ್‌ಡೈಕರ ಪ್ರಶ್ನೆ ಇನ್ನೂ ಜೀವಂತ. ಟೆಟ್ಲಾಕರ ತಂಡ 2011ರಿಂದ ನಡೆಸಿದ ಸ್ಪರ್ಧೆಗಳಲ್ಲಿ ಸುಮಾರು ಒಂದು ಗಂಟೆಯ ಪಾಠದಿಂದ ಭವಿಷ್ಯವಾಣಿಗಳ ನಿಖರತೆ ಶೇ 10ರಷ್ಟು ಹೆಚ್ಚಿತೆಂಬುದು ನಿರಾಶಾವಾದಿಗಳಿಗೆ ಸಿಕ್ಕ ಗಟ್ಟಿ ಪೆಟ್ಟು. ಆದರೆ ಅಲ್ಲಿ ಪ್ರಶ್ನೆಗಳು ಚೊಕ್ಕ, ಗಡುವು ಖಚಿತ, ಉತ್ತರ ತಿಂಗಳುಗಳಲ್ಲಿ ಸಿಗುತ್ತಿತ್ತು. ಮಗಳನ್ನು ಯಾವ ಕೋರ್ಸಿಗೆ ಸೇರಿಸಲಿ ಎನ್ನುವ ತಂದೆಗೆ ಆ ಶೇ 10 ಸಿಗುತ್ತದೆಯೇ ಎಂದು ಯಾರೂ ಅಳೆದು ತೋರಿಸಿಲ್ಲ.

ಎರಡನೆಯದು ಅಳತೆಗೋಲಿನದು. ಫಲದಿಂದ ಅಳೆದರೆ ಅದೃಷ್ಟವೂ ಬುದ್ಧಿಯ ಲೆಕ್ಕಕ್ಕೆ ಸೇರುತ್ತದೆ. ಕ್ರಮದಿಂದ ಅಳೆದರೆ, ಎಲ್ಲ ಅಂಕಣ ತುಂಬಿಯೂ ಮುಳುಗಿದವನು ಪಾಸಾಗುತ್ತಾನೆ. ಬಡ್ತಿ ಕೊಡುವ ಕಚೇರಿಗಳು ಎಂದಿನಂತೆ ಫಲವನ್ನೇ ನೋಡುತ್ತಿವೆ. ಬೇರೇನನ್ನು ನೋಡಬೇಕೆಂದು ಹೇಳುವ ಒಪ್ಪಿತ ಸೂತ್ರ ಸಂಶೋಧಕರ ಕೈಯಲ್ಲೂ ಇಲ್ಲ.

ನನ್ನ ಒಲವು ನಾಲ್ಕನೆಯ, ಐದನೆಯ ಪಂಥಗಳ ಕಡೆಗೆ. ತಿಳಿಯಾದ ಯೋಚನೆ ಬಹುಪಾಲು ತಲೆಯ ಹೊರಗೆ ಇರುತ್ತದೆ: ಬೇಗ ಸಿಗುವ ಉತ್ತರದಲ್ಲಿ, ಪ್ರಶ್ನೆ ಕೇಳಿದರೆ ಗದರದ ಮೇಲಧಿಕಾರಿಯಲ್ಲಿ, ಉಪ್ಪಿನ ಪೊಟ್ಟಣದಲ್ಲಿ. ಆದರೆ ಒಂಟಾರಿಯೊದ ಅಂಕಿಗಳಿಗೆ ಈ ಒಲವಿನಿಂದ ಪೂರ್ಣ ಉತ್ತರ ಸಿಗುವುದಿಲ್ಲ. ಕ್ರಮ ಕಟ್ಟಿಕೊಟ್ಟ ಮೇಲೂ ಅದರೊಳಗೆ ಮನಸ್ಸಿಟ್ಟು ಯೋಚಿಸುವವನು ಬೇಕಾಗುತ್ತಾನೆ, ಅವನನ್ನು ತಯಾರುಮಾಡುವ ಬಗೆ ಮತ್ತೆ ಮೊದಲ ಪಂಥದ ಪ್ರಶ್ನೆ. ಕಬ್ಬಿನ ಅಧ್ಯಯನಕ್ಕೂ ಇನ್ನೊಂದು ಮಗ್ಗುಲಿದೆ. ಕಬ್ಬಿನ ಹಣ ಕಟಾವಿನ ನಂತರ ಒಟ್ಟಿಗೆ ಬರುತ್ತದೆ. ಚಹಾ ಸೊಪ್ಪನ್ನು ಹತ್ತು ಹದಿನೈದು ದಿನಕ್ಕೊಮ್ಮೆ ಕೀಳುತ್ತಾರೆ, ಹಣವೂ ಹಾಗೇ ಚೂರುಚೂರಾಗಿ ಬರುತ್ತದೆ; ಬೆಳೆಗಾರನಿಗೆ ಮೊದಲು-ನಂತರ ಎನ್ನುವಂಥ ಸುಗ್ಗಿಯೇ ಇಲ್ಲ. ವರ್ಷವಿಡೀ ಒಂದೇ ಮಟ್ಟದಲ್ಲಿ ಕಾಡುವ ಕೊರತೆ ಬುದ್ಧಿಗೆ ರೂಢಿಯಾಗಿಬಿಡುತ್ತದೆಯೋ, ಒಂದು ದಿನವೂ ಬಿಡುವು ಕೊಡದೆ ಇನ್ನಷ್ಟು ಸವೆಸುತ್ತದೆಯೋ? ಎರಡಕ್ಕೂ ವಾದ ಹೂಡಬಹುದು; ಕಟಾವಿನ ಹಿಂದುಮುಂದಿನ ಹೋಲಿಕೆಯಿಂದ ಎರಡೂ ತೀರ್ಮಾನವಾಗುವುದಿಲ್ಲ.